ಕೊನೆಯ ಎರಡು ರೀಲು

ಫೆಬ್ರವರಿ 12

ಗೂಬೆಗೆ, ಅಕ್ಕನಿಂದ.

ಬೆಳಗಿನ ಹತ್ತೂವರೆ. ಇಷ್ಟು ಹೊತ್ತಿಗೆ ಆದದ್ದು ಇಷ್ಟು: ನೀರು ಬಂತು, ತುಂಬಿಸಿದೆ. ಮೆಟ್ಟಿಲು ತೊಳೆದೆ. ಅತ್ತೆಗೆ ಮಾತ್ರೆ ಕೊಟ್ಟೆ. ತರಕಾರಿ ಗಾಡಿ ಬಂತು. ಬೀನ್ಸ್ ಬಾಡಿತ್ತು, ಆದರೂ ತೆಗೆದುಕೊಂಡೆ. ಆಮೇಲೆ ಪೋಸ್ಟ್‌ಮ್ಯಾನ್ ನಿನ್ನ ಕಾಗದ ಕೊಟ್ಟ. ನಿನ್ನ ಭಾವ ತೀರಿಕೊಂಡು ನಾಳೆಗೆ ಮೂರು ತಿಂಗಳು.

ನಿಮ್ಮ ಲೈಬ್ರರಿಯಲ್ಲಿ ಮೇ ತಿಂಗಳ ಶನಿವಾರಗಳಂದು ಸಿನಿಮಾ ತೋರಿಸುತ್ತಾರೆ, ಮಷೀನು ಓಡಿಸುವವನು ನೀನೇ ಎಂದು ಓದಿ ಸಂತೋಷವಾಯಿತು. ಊರಂಚಿನ ಬಡಾವಣೆಗಳ ಬದುಕಿನ ಸಿನಿಮಾಗಳೇ ಆಗಬೇಕಂತೆ, ಅದರಲ್ಲಿ ನನಗೆ ತುಂಬ ಇಷ್ಟವಾದವು ಯಾವುವು ಎಂದು ಕೇಳಿದ್ದೀಯ. ನಾನು ಓದಿದ್ದು ಹತ್ತನೇ ಕ್ಲಾಸು, ನನ್ನನ್ನು ಯಾಕೆ ಕೇಳುತ್ತಾನೆ ಎಂದುಕೊಂಡೆ. ಆಮೇಲೆ ಅನ್ನಿಸಿತು, ಹನ್ನೊಂದು ವರ್ಷದಿಂದ ಬಡಾವಣೆಯಲ್ಲಿ ಇರುವವಳು ನಾನೇ ತಾನೆ.

ಹೆಸರುಗಳು ಮರೆತಿವೆ. ಟಾಕೀಸಿನಲ್ಲಿ ಅಪ್ಪ ರೀಲಿನ ಡಬ್ಬಿಗಳ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದ ಅಡ್ಡಹೆಸರುಗಳಷ್ಟೇ ನೆನಪಿವೆ. ನಮ್ಮ ಮನೆಯಲ್ಲಿ ಯಾವ ಸಿನಿಮಾಕ್ಕೂ ಅದರ ಸ್ವಂತ ಹೆಸರು ಇರಲಿಲ್ಲ. ಒಂದು 'ಟ್ಯಾಂಕು'. ನೀರಿನ ಟ್ಯಾಂಕಿನ ನೆರಳು ಯಾರ ಅಂಗಳಕ್ಕೆ ಸೇರಿದ್ದು ಎಂದು ಇಡೀ ಬಡಾವಣೆ ಕಿತ್ತಾಡುತ್ತದಲ್ಲ, ಅದು. ಅವರೆಲ್ಲ ಕುರ್ಚಿ ಹೊತ್ತು ನೆರಳಿನ ಹಿಂದೆ ಹಿಂದೆ ಹೋಗುವಾಗ ಅಪ್ಪ ಮಷೀನು ಬಿಟ್ಟು ನಗಲಿಕ್ಕೆ ಹೊರಗೆ ಬರುತ್ತಿದ್ದ. ಇನ್ನೊಂದು 'ಕೆಸರು'. ರಸ್ತೆ ಬರುವ ಮೊದಲೇ ಮನೆಗೆ ಬಂದವರ ಕತೆ. ಎಲ್ಲರೂ ಚಪ್ಪಲಿ ಕೈಯಲ್ಲಿ ಹಿಡಿದು ಒಂದೇ ಹಲಗೆಯ ಮೇಲೆ ದಾಟುತ್ತಾರೆ, ಒಬ್ಬರಿಗೊಬ್ಬರು ಕೈ ಕೊಡುತ್ತಾರೆ. ಕೊನೆಗೆ ಡಾಂಬರು ಬರುತ್ತದೆ. ಅವತ್ತಿನಿಂದ ಯಾರೂ ಯಾರ ಕೈಯನ್ನೂ ಹಿಡಿಯುವುದಿಲ್ಲ. ನಾವು ಇಲ್ಲಿಗೆ ಬಂದಾಗ ಡಾಂಬರು ಆಗಲೇ ಇತ್ತು.

ಕಾಗದವನ್ನು ಎದುರುಮನೆ ನರ್ಸಮ್ಮನ ಕೈಗೆ ಕೊಡುತ್ತೇನೆ. "ಈ ಕಾಲದಲ್ಲಿ ಯಾರ್ರೀ ಕಾಗದ ಬರೀತಾರೆ?" ಎಂದು ನಗುತ್ತಾಳೆ. "ನನ್ನ ತಮ್ಮ ಇಪ್ಪತ್ತೆರಡು ವರ್ಷ ಪ್ರೊಜೆಕ್ಟರ್ ಪಕ್ಕ ನಿಂತು ಕಿವಿ ಕಳ್ಕೊಂಡಿದಾನೆ, ಫೋನು ಇಟ್ಕೊಂಡೇ ಇಲ್ಲ" ಎಂದೆ. ಅಂಚೆ ಡಬ್ಬ ಬಸ್‌ಸ್ಟಾಪಿನ ಹತ್ತಿರ ಇದೆ. ಅವಳು ದಿನಾ ಆಸ್ಪತ್ರೆಗೆ ಹೋಗುವ ದಾರಿ. ನನಗೆ ಆ ಕಡೆ ಕೆಲಸ ಬೀಳುವುದಿಲ್ಲ.

ಅಕ್ಕ


ಫೆಬ್ರವರಿ 24

ಅಕ್ಕ,

ಪಟ್ಟಿ ಕೇಳಿದರೆ ಬಾಡಿದ ಬೀನ್ಸ್‌ನಿಂದ ಶುರು ಮಾಡುತ್ತೀಯಲ್ಲ, ನೀನು ಸಿನಿಮಾ ತೆಗೆದಿದ್ದರೆ ಇಂಟರ್ವಲ್‌ವರೆಗೂ ನೀರು ತುಂಬಿಸುವುದೇ ಆಗುತ್ತಿತ್ತು. ಆದರೂ ನಿನ್ನ ಕಾಗದವನ್ನು ಲೈಬ್ರೇರಿಯನ್ ಮೇಡಂಗೆ ಓದಿ ಹೇಳಿದೆ. ಅವರು ಕನ್ನಡಕ ತೆಗೆದು, "ನಿಮ್ಮಕ್ಕ ಇನ್ನೂ ಎರಡು ಸಿನಿಮಾ ಹೇಳ್ಲಿ, ನಾನು ಹುಡುಕಿಸ್ತೀನಿ" ಎಂದರು. ಕೆಳಗಿನ ಹಾಲಿನಲ್ಲಿ ನಲವತ್ತು ಕುರ್ಚಿ. ಮಷೀನು ನಮ್ಮ ಟಾಕೀಸಿನದೇ, ಹರಾಜಿನಲ್ಲಿ ಲೈಬ್ರರಿಯವರು ತೆಗೆದುಕೊಂಡಿದ್ದು. ಎಣ್ಣೆ ಬಿಟ್ಟೆ. ಮುದುಕ ಕೆಮ್ಮಿ ಎದ್ದು ಕೂತ.

ಇನ್ನೊಂದು ಮಾತು. ಇಲ್ಲಿ ಹರಿದ ಪುಸ್ತಕ ಸರಿಮಾಡುವ ಕೆಲಸ ಖಾಲಿ ಇದೆ. ನೀನು ಅಪ್ಪನಿಗೆ ತುಂಡಾದ ಫಿಲ್ಮ್ ಅಂಟಿಸಿಕೊಡುತ್ತಿದ್ದೆಯಲ್ಲ, ಜೋಡಿಸಿದ ಜಾಗ ಎಲ್ಲಿ ಎಂದು ಅಪ್ಪನಿಗೂ ಸಿಗುತ್ತಿರಲಿಲ್ಲ. ಅದನ್ನು ಹೇಳಿದೆ. ಮೇಡಂ ಮೇ ಹದಿನೈದರವರೆಗೆ ಕಾಯುತ್ತಾರೆ. ಆಮೇಲೆ ಬೇರೆಯವರನ್ನು ತೆಗೆದುಕೊಳ್ಳಲೇಬೇಕಂತೆ. ನನ್ನ ಮನೆಯಲ್ಲಿ ಕಿಟಕಿ ಇರುವ ಕೋಣೆ ನಿನಗೆ. ಅಲ್ಲೇ ಕೂತು ಆ ಮೆಟ್ಟಿಲು ಎಷ್ಟು ತೊಳೆಯುತ್ತೀಯ?

ಗೂಬೆ


ಮಾರ್ಚ್ 6

ಗೂಬೆಗೆ,

ಮಧ್ಯಾಹ್ನ ಮೂರು. ಬೆಳಿಗ್ಗೆ ನೀರು ಬರಲಿಲ್ಲ. ನೆನ್ನೆಯ ನೀರಿನಲ್ಲಿ ಮೆಟ್ಟಿಲು ತೊಳೆದೆ. ಮೂಲೆಮನೆಯವರು ಗೇಟಿಗೆ ನೀಲಿ ಬಣ್ಣ ಹೊಡೆಸಿದರು.

ಆ ನೀಲಿ ನೋಡಿ ಒಳಗೆ ಬಂದುಬಿಟ್ಟೆ. ನಿನಗೆ ಗೊತ್ತಿಲ್ಲದ ಸಂಗತಿ ಒಂದಿದೆ. ಇಲ್ಲಿ ಮುನ್ನೂರ ಹನ್ನೆರಡು ಮನೆ, ಎಲ್ಲ ಒಂದೇ ಅಚ್ಚು. ನಿನ್ನ ಭಾವ ಕರೆಂಟ್ ಮೀಟರ್ ಓದುವವರು, ಪ್ರತಿ ಮನೆಯ ಮೀಟರ್ ನಂಬರು ಬಾಯಿಪಾಠ, ಆದರೆ ನಮ್ಮ ಮನೆ ಮಾತ್ರ ಗುರುತು ಸಿಗುತ್ತಿರಲಿಲ್ಲ. ಅದಕ್ಕೇ ನಮ್ಮ ಗೇಟಿಗೆ ನೀಲಿ ಬಣ್ಣ ಹೊಡೆದರು. ಮಾರನೆಯ ವಾರ ಹಿಂದಿನ ಬೀದಿಯವರೂ ನೀಲಿ ಹೊಡೆದರು. ಇವರು ಸಂಜೆ ಅಲ್ಲಿಗೆ ಹೋಗಿ, ಚಪ್ಪಲಿ ಬಿಟ್ಟು, ಸೋಫಾದ ಮೇಲೆ ಕೂತು, "ಕಾಫಿ ಕೊಡೇ" ಎಂದಿದ್ದಾರೆ. ಆ ಮನೆಯಾಕೆ ಕಾಫಿ ತಂದುಕೊಟ್ಟು, "ಕುಡ್ದು ಹೊರಡಿ, ನಮ್ಮೋರು ಬರೋ ಹೊತ್ತಾಯ್ತು" ಎಂದಳಂತೆ. ಇದನ್ನು ಅವರು ಹತ್ತು ವರ್ಷ ಹೇಳಿಕೊಂಡು ನಕ್ಕರು.

ಮೂರನೆಯ ಸಿನಿಮಾ 'ಬೇಲಿ'. ಅಕ್ಕಪಕ್ಕದ ಮನೆಯ ಇಬ್ಬರು ಹೆಂಗಸರು ದಿನಾ ತಮ್ಮ ತಮ್ಮ ಕಡೆಯಿಂದ ಗಿಡದ ಬೇಲಿ ಕತ್ತರಿಸುತ್ತಾರೆ, ಒಬ್ಬರಿಗಿಂತ ಒಬ್ಬರು ಚೆನ್ನಾಗಿ. ಕತ್ತರಿಸಿ ಕತ್ತರಿಸಿ ಒಂದು ದಿನ ಬೇಲಿಯೇ ಇಲ್ಲ. ಆದರೂ ಇಬ್ಬರೂ ಅದು ಇದ್ದ ಗೆರೆ ದಾಟದೆ ನಿಂತಿರುತ್ತಾರೆ. ಚಿಕ್ಕವಳಾಗಿದ್ದಾಗ, "ಏನೂ ಅಡ್ಡ ಇಲ್ವಲ್ಲ, ಹೋಗ್ಬಾರ್ದಾ?" ಎಂದು ಅಪ್ಪನನ್ನು ಕೇಳಿದ್ದೆ. ಅಪ್ಪ ಏನು ಹೇಳಿದ ಎಂದು ನೆನಪಿಲ್ಲ.

ಕೆಲಸದ ವಿಷಯ. ಅತ್ತೆಯನ್ನು ಬಿಟ್ಟು ಹೇಗೆ ಬರಲಿ? ಅವರಿಗೆ ಮಂಡಿನೋವು, ಹೊತ್ತು ಹೊತ್ತಿಗೆ ಮಾತ್ರೆ ಬೇಕು. ಮೇಡಂಗೆ ನನ್ನ ನಮಸ್ಕಾರ ಹೇಳು, ಬೇರೆಯವರನ್ನು ನೋಡಿಕೊಳ್ಳಲಿ.

ಅಕ್ಕ


ಮಾರ್ಚ್ 15

ಅಕ್ಕ,

ಅತ್ತೆ ಬಿಡುತ್ತಿಲ್ಲ ಎಂದು ನೇರವಾಗಿ ಬರೆಯಬಾರದೇ? ಕಾಗದ ಹಾಕುವುದಕ್ಕೂ ನರ್ಸಮ್ಮ ಬೇಕು ಎಂದರೆ ನಿನ್ನನ್ನು ಗೇಟು ದಾಟಲೂ ಬಿಡುವುದಿಲ್ಲ ಎಂದಾಯಿತು. ನಿನ್ನ ಕಾಲಿಗೇನು ಪ್ಲಾಸ್ಟರ್ ಹಾಕಿದ್ದಾರೆಯೇ? ಕೋಪ ಮಾಡಿಕೊಳ್ಳಬೇಡ. ಅವರನ್ನೂ ಕರೆದುಕೊಂಡು ಬಾ, ಕಿಟಕಿಯ ಕೋಣೆ ಅವರಿಗೇ ಇರಲಿ, ನಾನು ಹಜಾರದಲ್ಲಿ ಮಲಗುತ್ತೇನೆ. ಮಂಡಿನೋವಿಗೆ ಒಳ್ಳೆಯದು ಎಂದು ಮೆತ್ತನೆಯ ಚಪ್ಪಲಿ ಕಳಿಸಿದ್ದೇನೆ. ಲಂಚ ಎಂದೇ ಹೇಳಿ ಕೊಡು.

'ಟ್ಯಾಂಕು' ಸಿಕ್ಕಿತು. 'ಕೆಸರು' ಸಿಕ್ಕಿತು, ಸ್ವಲ್ಪ ಗೀರಿದೆ. 'ಬೇಲಿ' ಹುಡುಕುತ್ತಿದ್ದಾರೆ. ನಾಲ್ಕನೆಯದು ಹೇಳು. ಯಾವುದು ಹೇಳುತ್ತೀಯ ಎಂದು ನನಗೆ ಗೊತ್ತು. ಅದು ಬೇಡ ಎಂದು ಹೇಳಬೇಕು ಅನ್ನಿಸುತ್ತದೆ, ಹೇಳುವುದಿಲ್ಲ.

ಗೂಬೆ


ಮಾರ್ಚ್ 27

ಗೂಬೆಗೆ,

ಬೆಳಿಗ್ಗೆ ಎಂಟು. ನೀರು ಬಂತು. ಮೆಟ್ಟಿಲು ತೊಳೆದೆ. ಚಪ್ಪಲಿ ಬಂತು, ಅತ್ತೆಗೆ ಸರಿಯಾಗಿ ಆಗುತ್ತದೆ.

ನಾಲ್ಕನೆಯದು 'ಮೆಟ್ಟಿಲು'. ಅದು ಯಾಕೆ ಬೇಡ ಅನ್ನುತ್ತೀಯ, ನನಗೆ ಅರ್ಥವಾಗಲಿಲ್ಲ. ನೋಡಿದರೆ ಅಳುತ್ತೇನೆ ಎಂದಿರಬೇಕು. ಅಳುವುದಿಲ್ಲ. ಅದು ನನ್ನ ಎಲ್ಲಕ್ಕಿಂತ ಇಷ್ಟದ ಸಿನಿಮಾ. ಅಪ್ಪ ಜ್ವರ ಬಂದು ಮಲಗಿದ್ದ ವಾರ, ನೀನೊಬ್ಬನೇ ಮೊದಲ ಸಲ ಮಷೀನು ಓಡಿಸಿದೆಯಲ್ಲ, ಆಗ ಮೂರು ಸಲ ನೋಡಿದೆ. ಒಂದೇ ಅಚ್ಚಿನ ಮನೆಗಳ ಬೀದಿ, ಹಸಿರು ಅಂಗಿಯ ಹೆಂಗಸು. ಕೊನೆಯಲ್ಲಿ ಅವಳು ಕಂದು ಸೂಟ್‌ಕೇಸನ್ನು ಬಾಗಿಲ ಪಕ್ಕ ಇಟ್ಟು, ಕೂತು, ಮೆಟ್ಟಿಲು ತೊಳೆಯುತ್ತಾಳೆ. ತುಂಬ ಹೊತ್ತು. ಆಮೇಲೆ ಸೂಟ್‌ಕೇಸ್ ಎತ್ತಿಕೊಂಡು ಬೀದಿಯ ಉದ್ದಕ್ಕೂ ನಡೆದು ಬಸ್ಸು ಹತ್ತುತ್ತಾಳೆ. ಬಸ್ಸು ಹೋಗುತ್ತದೆ. 'ಮುಕ್ತಾಯ'.

ನಿನ್ನ ಭಾವನೂ ನಾನೂ ಮೊದಲ ಸಲ ಮಾತಾಡಿದ್ದೇ ಈ ಸಿನಿಮಾದ ಬಗ್ಗೆ. ಅವರು ತಮ್ಮ ಊರಿನ ಟಾಕೀಸಿನಲ್ಲಿ ನೋಡಿದ್ದರಂತೆ. "ಪಾಪ, ವಾಪಸ್ ಬಂದುಬಿಡ್ತಾಳೆ" ಎಂದರು. "ಎಲ್ಲಿ ಬರ್ತಾಳೆ? ಬಸ್ ಹತ್ತಿ ಹೋಗ್ತಾಳೆ, ನೀವು ನಿದ್ದೆ ಹೊಡೆದಿದೀರಿ" ಎಂದೆ. "ಹೋಗ್ತಾಳೆ ಕಣ್ರೀ, ಆದ್ರೆ ಬರ್ತಾಳೆ. ಸೂಟ್‌ಕೇಸ್ ಇನ್ನೂ ಒಳಗೆ ಕೂಡ ಇಟ್ಟಿರಲ್ಲ, ಮೆಟ್ಟಿಲು ತೊಳೆಯೋಕೆ ಕೂತ್ಕೊತಾಳೆ" ಎಂದರು. ನಮ್ಮ ಮದುವೆಯ ದಿನ ನಿನ್ನನ್ನೇ ಕೇಳಿದರು, ನೆನಪಿದೆಯೇ? "ಏನಪ್ಪಾ ಆಪರೇಟರ್, ನೀನೇ ತೀರ್ಪು ಕೊಡು." ಅಪ್ಪ ಪಕ್ಕದಲ್ಲೇ ಕೂತಿದ್ದ. ನೀನು, "ಅಕ್ಕ ಹೇಳಿದ್ದೇ ಸರಿ ಭಾವ" ಎಂದೆ. "ಹಾಗಾದ್ರೆ ನಾನು ನಿದ್ದೆ ಹೊಡೆದಿರ್ಬೇಕು" ಎಂದು ಅವರು ಒಪ್ಪಿಕೊಂಡರು. ಮೇಲೆ ಒಪ್ಪಿಕೊಂಡರು ಅಷ್ಟೆ. ಹನ್ನೊಂದು ವರ್ಷ ನಾನು ಅವರನ್ನು 'ನಿದ್ದೆಬುರುಕ ಸಾಕ್ಷಿ' ಎಂದು ಕರೆದೆ. ನಾನು ಮುನಿಸಿಕೊಂಡಾಗಲೆಲ್ಲ ಅವರು ಮೆಟ್ಟಿಲ ಕಡೆ ಕೈ ತೋರಿಸಿ, "ಬರ್ತಾಳೆ ಕಣೆ" ಎನ್ನುತ್ತಿದ್ದರು.

ನವೆಂಬರ್ ಹದಿಮೂರರ ಬೆಳಿಗ್ಗೆ ಕೂಡ ಅದೇ ಜಗಳ. ತಮಾಷೆಗೇ ಶುರುವಾಗಿದ್ದು. ನನಗೆ ಯಾಕೋ ರೇಗಿತು. "ನೀವು ಹಾಗೆ ಹೇಳೋದು ನಾನು ಎಲ್ಲೂ ಹೋಗ್ಬಾರ್ದು ಅಂತ" ಎಂದುಬಿಟ್ಟೆ. ಅವರು ಪುಸ್ತಕ ತೆಗೆದುಕೊಂಡು ಮೀಟರ್ ಓದಲಿಕ್ಕೆ ಹೊರಟರು. ಹನ್ನೊಂದು ಗಂಟೆಗೆ ಏಳನೇ ಅಡ್ಡರಸ್ತೆಯ ಮೂಲೆಯಲ್ಲಿ, ಒಂದು ಮೀಟರ್ ಪೆಟ್ಟಿಗೆಯ ಮುಂದೆ ಬಿದ್ದರು. ಹೃದಯ. ಪುಸ್ತಕದಲ್ಲಿ ಆ ಮನೆಯ ನಂಬರು ಬರೆದಿದ್ದರು, ಎದುರಿನ ಖಾನೆ ಖಾಲಿ ಇತ್ತು.

ಇದನ್ನು ಯಾರಿಗೂ ಹೇಳಿರಲಿಲ್ಲ. ಸಿನಿಮಾ ತೋರಿಸು. ಹೋಗುವವಳು ಹೋಗಲಿ. ನಾನು ಬರಲಾರೆ, ಅತ್ತೆ ಇದ್ದಾರೆ.

ಅಕ್ಕ


ಏಪ್ರಿಲ್ 18

ಗೂಬೆಗೆ,

ಬೆಳಿಗ್ಗೆ ಹತ್ತು. ನೀರು ಬಂತು. ಮೆಟ್ಟಿಲು ತೊಳೆದೆ.

ಮೂರು ವಾರವಾಯಿತು, ನಿನ್ನ ಕಾಗದ ಇಲ್ಲ. ಹುಷಾರಿಲ್ಲವೇ? ನಾನು ಬರೆದದ್ದರಿಂದ ಬೇಸರವಾಯಿತೇ? ಸತ್ತವರ ಮಾತು ಜಾಸ್ತಿ ಬರೆದೆ ಅನ್ನಿಸುತ್ತದೆ. ಇನ್ನು ಮೇಲೆ ಬೀನ್ಸ್ ಬಗ್ಗೆ ಮಾತ್ರ ಬರೆಯುತ್ತೇನೆ.

ಅಕ್ಕ


ಏಪ್ರಿಲ್ 30

ಅಕ್ಕ,

ಈ ಕಾಗದ ಏಳು ಸಲ ಬರೆದು ಹರಿದಿದ್ದೇನೆ. ಇದು ಎಂಟನೆಯದು, ಓದದೆ ಕಳಿಸುತ್ತೇನೆ.

ಭಾವ ನಿದ್ದೆ ಹೊಡೆದಿರಲಿಲ್ಲ.

ಆ ವಾರ ನನಗೆ ಹತ್ತೊಂಬತ್ತು ವರ್ಷ. ಅಪ್ಪ ಹಾಸಿಗೆಯಿಂದಲೇ ಹೇಳಿ ಕಳಿಸಿದ್ದ, "ಡಬ್ಬಿ ನಂಬ್ಬೇಡ, ಫಿಲ್ಮಿನ ತುದಿ ನೋಡು." ರೀಲಿನ ನಂಬರು ಫಿಲ್ಮಿನ ತುದಿಯಲ್ಲೂ ಬರೆದಿರುತ್ತದಲ್ಲ. ನಾನು ನೋಡಲಿಲ್ಲ. ನಮಗಿಂತ ಮೊದಲು ಅದನ್ನು ಓಡಿಸಿದ ಊರಿನವರು ಏಳನೇ ಡಬ್ಬಿಯಲ್ಲಿ ಎಂಟನೇ ರೀಲು ಇಟ್ಟಿದ್ದರು, ಎಂಟರಲ್ಲಿ ಏಳು. ಹಾಗೇ ಓಡಿಸಿದೆ. ಎಂಟನೆಯದೇ ಕೊನೆಯ ರೀಲು, ಅದರ ಕೊನೆಯ ತುಂಡು ಮೊದಲೇ ಹರಿದುಹೋಗಿತ್ತು, 'ಮುಕ್ತಾಯ' ಎನ್ನುವುದನ್ನು ನಾವು ಗಾಜಿನ ಸ್ಲೈಡ್ ಇಟ್ಟು ತೋರಿಸುತ್ತಿದ್ದೆವು. ಹಾಗಾಗಿ ಯಾರಿಗೂ ಗೊತ್ತಾಗಲಿಲ್ಲ. ಒಂದೇ ಥರದ ಮನೆ, ಒಂದೇ ಅಂಗಿ, ಒಂದೇ ಮೆಟ್ಟಿಲು. ಯಾವ ದಿನ ಮುಂಚೆ, ಯಾವ ದಿನ ಆಮೇಲೆ ಎಂದು ಯಾರು ಕಂಡರು?

ಮೂರನೇ ದಿನ ರೀಲು ಸುತ್ತುವಾಗ ನಂಬರು ಕಣ್ಣಿಗೆ ಬಿತ್ತು. ಸರಿಮಾಡಿದರೆ ಎರಡು ಸಲ ನೋಡಿದವರು ಕೇಳುತ್ತಾರೆ, ಅಪ್ಪನಿಗೆ ಗೊತ್ತಾಗುತ್ತದೆ, ಇನ್ನು ಮಷೀನು ಮುಟ್ಟಿಸುವುದಿಲ್ಲ. ವಾರವಿಡೀ ಹಾಗೇ ಓಡಿಸಿದೆ. ಮದುವೆಯ ದಿನ ಭಾವ ಕೇಳಿದಾಗಲೂ ಅಪ್ಪ ಪಕ್ಕದಲ್ಲಿದ್ದ. ಒಂದು ಮಾತು, ಹೋಗಲಿ ಬಿಡು ಎಂದುಕೊಂಡೆ. ನೀವಿಬ್ಬರೂ ಅದನ್ನು ಹನ್ನೊಂದು ವರ್ಷ ಹೊತ್ತಿದ್ದೀರಿ ಎಂದು ನಿನ್ನ ಕಾಗದ ಓದಿದ ಮೇಲೆ ಗೊತ್ತಾಯಿತು.

ಏಳನೇ ರೀಲಿನಲ್ಲಿ ಅವಳು ಬಸ್ಸು ಹತ್ತಿ ಹೋಗುತ್ತಾಳೆ. ಎಂಟನೆಯದರಲ್ಲಿ ವಾಪಸ್ ಬಂದು, ಸೂಟ್‌ಕೇಸನ್ನು ಒಳಗೂ ಇಡದೆ, ಮೆಟ್ಟಿಲು ತೊಳೆಯುತ್ತಾಳೆ. ಭಾವ ಹೇಳಿದ ಹಾಗೇ, ಒಂದಕ್ಷರ ಹೆಚ್ಚುಕಡಿಮೆ ಇಲ್ಲ.

'ಮೆಟ್ಟಿಲು' ಮೇ ಹನ್ನೆರಡರ ಶನಿವಾರ. ರೀಲು ಬಂದಿದೆ. ಹೇಗೆ ಓಡಿಸಲಿ, ನೀನೇ ಹೇಳು. ನೀನು ನೋಡಿದ ಹಾಗೆಯೇ ಓಡಿಸು ಎಂದರೆ ಹಾಗೇ ಓಡಿಸುತ್ತೇನೆ, ಮೇಡಂ ಬೈದರೆ ಬೈಯಲಿ. ಬಾ ಎಂದು ಕೇಳುವ ಮುಖ ನನಗೆ ಉಳಿದಿಲ್ಲ. ಆದರೂ ಕೆಲಸ ಹದಿನೈದರವರೆಗೆ ಇದೆ.

ಗೂಬೆ


ಮೇ 10

ಗೂಬೆಗೆ,

ಸಂಜೆ ಐದು. ಬೆಳಿಗ್ಗೆ ನೀರು ಬಂತು, ತುಂಬಿಸಲಿಲ್ಲ. ಗಿಡದ ಕುಂಡಗಳನ್ನು ಎದುರುಮನೆಗೆ ಸಾಗಿಸಿದೆ, ಒಟ್ಟು ಒಂಬತ್ತು. ಮೆಟ್ಟಿಲು ತೊಳೆಯಲಿಲ್ಲ.

ನಿನ್ನ ಕಾಗದ ಬಂದು ಐದು ದಿನ. ಎರಡು ದಿನ ನಿನ್ನ ಮೇಲೆ ಎಷ್ಟು ಸಿಟ್ಟಿತ್ತೆಂದರೆ ಲಕೋಟೆಯನ್ನು ಅಕ್ಕಿಡಬ್ಬದ ಕೆಳಗೆ ಹಾಕಿದ್ದೆ. ಮೂರನೆಯ ದಿನ ಅಡುಗೆಮನೆಯಲ್ಲಿ ನಿಂತು, "ನೀವೇ ಸರಿ ಕಣ್ರೀ" ಎಂದೆ. ಜೋರಾಗಿಯೇ ಅಂದಿರಬೇಕು. ನರ್ಸಮ್ಮ ಕಿಟಕಿಯಿಂದ, "ಯಾರ ಹತ್ರ ಮಾತಾಡ್ತಿದೀರಿ?" ಎಂದಳು. "ಒಂದು ಜಗಳ ಇತ್ತು, ಮುಗೀತು" ಎಂದೆ. "ಗೆದ್ದಿದ್ದು ಯಾರು?" "ಅವರು." "ಅಯ್ಯೋ, ಗಂಡಸರನ್ನ ಗೆಲ್ಲೋಕೆ ಬಿಡ್ಬಾರ್ದು ಕಣ್ರೀ" ಎಂದು ಕಿಟಕಿ ಹಾಕಿಕೊಂಡಳು. ಆಮೇಲೆ ನಾನು ಅತ್ತುಬಿಟ್ಟೆ. ಆರು ತಿಂಗಳಲ್ಲಿ ಮೊದಲ ಸಲ ಬಾಯಿಬಿಟ್ಟು.

ನಾನೂ ನಿನಗೆ ಸುಳ್ಳು ಹೇಳಿದ್ದೇನೆ. ಅತ್ತೆ ಇಲ್ಲಿ ಇಲ್ಲ. ಮಾರ್ಚ್ ಒಂದಕ್ಕೇ ಅವರ ದೊಡ್ಡ ಮಗ ಬಂದು ಕರೆದುಕೊಂಡು ಹೋದರು. ಗೇಟಿನ ಹತ್ತಿರ ಅತ್ತೆ ನನ್ನ ಕೈ ಹಿಡಿದು, "ನೀನೂ ಎಲ್ಲಾದ್ರೂ ಹೋಗಮ್ಮ. ಈ ಮನೆ ನನ್ನ ಮಗನ್ನ ವಾಪಸ್ ಕೊಡಲ್ಲ" ಎಂದರು. ನಿನ್ನ ಚಪ್ಪಲಿ ಬೀರುವಿನಲ್ಲಿದೆ, ಕಾಗದ ಸುತ್ತಿದ ಹಾಗೇ. ಅವರನ್ನು ಕೆಟ್ಟವರನ್ನಾಗಿ ಮಾಡಿದೆ ನಾನು. ನನ್ನನ್ನು ಯಾರೂ ಹಿಡಿದಿಟ್ಟಿರಲಿಲ್ಲ ಎಂದು ಬರೆಯಲು ನಾಚಿಕೆಯಾಗಿತ್ತು.

ಬಸ್‌ಸ್ಟಾಪಿಗೆ ಹೋಗಲು ಒಂದೇ ದಾರಿ, ಏಳನೇ ಅಡ್ಡರಸ್ತೆಯ ಮೂಲೆಯಿಂದ. ಆ ಮೀಟರ್ ಪೆಟ್ಟಿಗೆ ರಸ್ತೆಗೇ ಮುಖ ಮಾಡಿದೆ. ನಿನ್ನ ಭಾವನನ್ನು ಅಲ್ಲಿಂದ ತಂದ ಮೇಲೆ ನಾನು ಆರನೆಯದನ್ನು ದಾಟಿಲ್ಲ. ತರಕಾರಿ ಗಾಡಿಯವನು ಬರುತ್ತಾನೆ, ಹಾಲಿನವನು ಬರುತ್ತಾನೆ, ನರ್ಸಮ್ಮ ಔಷಧಿ ತರುತ್ತಾಳೆ, ಕಾಗದ ಹಾಕುತ್ತಾಳೆ. ಹೀಗೂ ಬದುಕಬಹುದು, ನನ್ನನ್ನು ಕೇಳು.

ಇನ್ನು ಮೆಟ್ಟಿಲು. ಎಷ್ಟು ತೊಳೆಯುತ್ತೀಯ ಎಂದು ನೀನು ಕೇಳಿದ್ದೆ. ಆವತ್ತು ಬೆಳಿಗ್ಗೆ ನಾನು ಹಾಗೆ ಮಾತಾಡಿದೆನಲ್ಲ, ಹೋಗಲಿ, ಈಗಲಾದರೂ ಅವರ ಮಾತೇ ನಿಲ್ಲಲಿ, ನಾನು ಎಲ್ಲೂ ಹೋಗದೆ ಇಲ್ಲೇ ಕೂತು ತೊಳೆಯುತ್ತೇನೆ, ಅವರು ಗೆಲ್ಲಲಿ ಎಂದುಕೊಂಡಿದ್ದೆ. ಈಗ ನೋಡಿದರೆ ಅವರು ಮೊದಲೇ ಗೆದ್ದಿದ್ದರು. ನಾನು ಗೆಲ್ಲಿಸಬೇಕಾದದ್ದು ಏನೂ ಇರಲಿಲ್ಲ. ಅವರು ನನ್ನನ್ನು ಹಿಡಿದಿಡಲು ಹಾಗೆ ಹೇಳಿದ್ದಲ್ಲ. ಕಂಡದ್ದನ್ನು ಹೇಳಿದರು. ಮೀಟರ್ ಓದುವವರಿಗೆ ಬೇರೆ ಹೇಗೆ ಹೇಳಲು ಬರುತ್ತದೆ?

ಶನಿವಾರ ಸರಿಯಾದ ಕ್ರಮದಲ್ಲೇ ಓಡಿಸು. ಡಬ್ಬಿ ನೋಡಬೇಡ, ಫಿಲ್ಮಿನ ತುದಿ ನೋಡು. ಅವಳು ವಾಪಸ್ ಬರುವುದನ್ನು ಅವರ ಪರವಾಗಿ ನಾನು ನೋಡಬೇಕು. ಮುಂದಿನ ಸಾಲಿನಲ್ಲಿ ಕುರ್ಚಿ ಹಾಕು, ನನ್ನ ಕಣ್ಣು ಮಂದವಾಗಿದೆ. ಹರಿದ ಪುಸ್ತಕಗಳನ್ನು ಬೇರೆ ಯಾರಿಗೂ ಕೊಡಬೇಡಿ ಎಂದು ಮೇಡಂಗೆ ಹೇಳು. ಅಂಟು ಮಾತ್ರ ಒಳ್ಳೆಯದು ತರಿಸಲಿ.

ನೆನ್ನೆ ಬೆಳಿಗ್ಗೆ ಅಭ್ಯಾಸವಾಗಲಿ ಎಂದು ನಡೆದು ನೋಡಿದೆ. ಆರನೇ ಅಡ್ಡರಸ್ತೆಯ ಲೈಟುಕಂಬದವರೆಗೆ ಹೋದೆ. ಕಾಲು ಮುಂದೆ ಬರಲಿಲ್ಲ, ವಾಪಸ್ ಬಂದೆ. ಇದನ್ನೂ ಬರೆಯದೆ ಬಿಟ್ಟರೆ ಮತ್ತೆ ಸುಳ್ಳು ಹೇಳಿದಂತಾಗುತ್ತದೆ, ಅದಕ್ಕೇ ಬರೆದೆ.

ಸೂಟ್‌ಕೇಸ್ ಬಾಗಿಲ ಪಕ್ಕ ಇದೆ. ನಮ್ಮದು ಕಪ್ಪು. ಬೀಗದ ಕೈ ನರ್ಸಮ್ಮನಿಗೆ ಮಧ್ಯಾಹ್ನವೇ ಕೊಟ್ಟೆ, ಇನ್ನೊಂದು ನನ್ನ ಹತ್ತಿರ ಇದೆ. ಆಮೇಲೆ ಅವಳು ನಾಲ್ಕು ದಿನ ರಜೆ ಹಾಕಿ ಮಗಳ ಊರಿಗೆ ಹೊರಟುಹೋದಳು. ಆಗ ಈ ಕಾಗದ ಬರೆದಿರಲಿಲ್ಲ. ನನಗಿಂತ ಇದು ತಡವಾಗಿ ಬಂದರೆ ನಗಬೇಡ.

ನಾಳೆ ಬಸ್ಸು ಏಳೂ ಹತ್ತಕ್ಕೆ. ಕಾಗದವನ್ನು ನಾನೇ ಡಬ್ಬಕ್ಕೆ ಹಾಕಬೇಕು.

ಅಕ್ಕ